ಶಾಲೆ ನಡೆಸುವ ವಿದ್ಯೆ: ರೋಣ, ನರಗುಂದ, ಗಜೇಂದ್ರಗಡ ಪ್ರದೇಶದ ಶಿಕ್ಷಕರ ಉಚ್ಚ ಅಧ್ಯಯನದ ಇತಿಹಾಸ

1. ವಿಷಯ ಪ್ರವೇಶ

ಉತ್ತರ ಕರ್ನಾಟಕದ ಶಿಕ್ಷಣದ ಇತಿಹಾಸವನ್ನು ಕುರಿತು ನಡೆದಿರುವ ವಿವೇಚನೆಯು ಬಹುಮಟ್ಟಿಗೆ ಎರಡು ಸಂಗತಿಗಳನ್ನು ಅವಲಂಬಿಸಿದೆ. ಶಾಲೆಗಳು ಎಂದು, ಎಲ್ಲಿ ಸ್ಥಾಪನೆಗೊಂಡವು ಎಂಬುದೊಂದು. ಮರಾಠಿಯ ಪ್ರಾಬಲ್ಯದ ನಡುವೆ ಕನ್ನಡವು ಶಾಲೆಯಲ್ಲಿ ತನ್ನ ಸ್ಥಾನವನ್ನು ಹೇಗೆ ಪಡೆಯಿತು ಎಂಬುದು ಇನ್ನೊಂದು. ಇವೆರಡೂ ಮಹತ್ವದ ಸಂಗತಿಗಳೇ ಸರಿ. ಆದರೆ ಇವುಗಳ ಮರೆಯಲ್ಲಿ ಮೂರನೆಯ ಪ್ರಶ್ನೆಯೊಂದು ಉಳಿದುಹೋಗಿದೆ. ಶಾಲೆಯನ್ನು ನಡೆಸುವವನು ಆ ನಡೆಸುವ ವಿದ್ಯೆಯನ್ನು ಎಲ್ಲಿ ಕಲಿತನು? ಪಾಠ ಹೇಳುವುದು ಒಂದು ವಿದ್ಯೆ. ಹತ್ತು ಜನ ಪಾಠ ಹೇಳುವವರನ್ನು ಕೂಡಿಸಿಕೊಂಡು, ಊರವರ ವಿಶ್ವಾಸವನ್ನು ಗಳಿಸಿ, ಮಕ್ಕಳನ್ನು ಶಾಲೆಯಲ್ಲಿ ನಿಲ್ಲಿಸುವುದು ಬೇರೊಂದು ವಿದ್ಯೆ. ಮೊದಲನೆಯದಕ್ಕೆ ಪ್ರಶಿಕ್ಷಣವು ಬೇಕೆಂಬುದನ್ನು ಸರಕಾರವು ನೂರೈವತ್ತು ವರ್ಷಗಳಿಗಿಂತ ಹಿಂದೆಯೇ ಒಪ್ಪಿಕೊಂಡಿತು. ಎರಡನೆಯದನ್ನು ಸೇವೆಯ ಹಿರಿತನವೇ ಕಲಿಸುತ್ತದೆಂದು ಭಾವಿಸಿ ಬಹುಕಾಲ ಸುಮ್ಮನಿದ್ದಿತು.

ಈ ಲೇಖನದಲ್ಲಿ ನಾವು ಈಗಿನ ಗದಗ ಜಿಲ್ಲೆಯ ಉತ್ತರ ಭಾಗದಲ್ಲಿರುವ ರೋಣ, ನರಗುಂದ, ಗಜೇಂದ್ರಗಡಗಳನ್ನು ಮುಂದಿಟ್ಟುಕೊಂಡು ಈ ಪ್ರಶ್ನೆಯನ್ನು ವಿವೇಚಿಸಬಯಸುತ್ತೇವೆ. ಅನುಭವಿ ಶಿಕ್ಷಕನೊಬ್ಬನು ಶಾಲಾಡಳಿತದ ಉಚ್ಚ ಅಧ್ಯಯನಕ್ಕೆ ಹೊರಟಾಗ ಅವನೆದುರಿಗೆ ಯಾವ ಯಾವ ಕಾಲದಲ್ಲಿ ಯಾವ ದಾರಿಗಳಿದ್ದವು, ಆ ದಾರಿಗಳು ಅವನ ಅನುಭವಕ್ಕೆ ಎಷ್ಟರ ಮಟ್ಟಿಗೆ ಬೆಲೆಯಿತ್ತವು ಎಂಬುದೇ ಇಲ್ಲಿಯ ಮುಖ್ಯ ವಿಷಯ.

2. ಪ್ರಾಚೀನ ಹಿನ್ನೆಲೆ

ಗಜೇಂದ್ರಗಡದ ಸಮೀಪದ ಸೂಡಿಯು ಕಲ್ಯಾಣದ ಚಾಲುಕ್ಯರ ಕಾಲದಲ್ಲಿ ಕಿಸುಕಾಡು-70ರ ಮುಖ್ಯಸ್ಥಳವಾಗಿದ್ದಿತು. ಅಕ್ಕಾದೇವಿಯ ಹೆಸರಿನೊಡನೆ ಇತಿಹಾಸದಲ್ಲಿ ನಿಂತಿರುವ ಈ ಊರಿನ 11ನೆಯ ಶತಮಾನದ ಶಾಸನಗಳಲ್ಲಿ ಕಾಳಾಮುಖ ಪಂಥದ ಪರ್ವತಾವಳಿಗೆ ಸೇರಿದ ಸೋಮೇಶ್ವರ ಪಂಡಿತನಂತಹ ಆಚಾರ್ಯರು ಕಾಣಿಸಿಕೊಳ್ಳುತ್ತಾರೆ. ಇಂತಹ ಆಚಾರ್ಯನು ವಿದ್ವಾಂಸನೂ ಹೌದು, ದೇವಾಲಯಕ್ಕೆ ಬಿಟ್ಟ ದತ್ತಿಯನ್ನು ಕಾಯುವ ಸ್ಥಾನಾಧಿಪತಿಯೂ ಹೌದು. ಕಲಬುರಗಿ ಜಿಲ್ಲೆಯ ನಾಗಾವಿಯ ಕ್ರಿ.ಶ. 1058ರ ಶಾಸನವು ಅಲ್ಲಿಯ ಘಟಿಕಾಸ್ಥಾನದಲ್ಲಿ 200 ಮಂದಿ ವೇದಾಧ್ಯಾಯಿಗಳಿಗೂ 52 ಮಂದಿ ಶಾಸ್ತ್ರಾಧ್ಯಾಯಿಗಳಿಗೂ ವ್ಯವಸ್ಥೆಯಾದುದನ್ನು, ಉಪಾಧ್ಯಾಯರ ಜೊತೆಗೆ 6 ಮಂದಿ ಸರಸ್ವತೀ ಭಂಡಾರಿಗರನ್ನು ನಿಯಮಿಸಿದುದನ್ನು ತಿಳಿಸುತ್ತದೆ. ಇಷ್ಟು ದೊಡ್ಡ ವಿದ್ಯಾಸಂಸ್ಥೆಯು ನಿರ್ವಹಣೆಯ ಜ್ಞಾನವಿಲ್ಲದೆ ನಡೆಯುವಂತಿರಲಿಲ್ಲ.

ಈ ಪ್ರಾಚೀನ ವ್ಯವಸ್ಥೆಯನ್ನು ಇಂದಿನ ಶಾಲೆಯೊಡನೆ ನೇರವಾಗಿ ಹೋಲಿಸುವುದು ಉಚಿತವಲ್ಲ. ಅದರ ಬಾಗಿಲು ಎಲ್ಲರಿಗೂ ತೆರೆದಿರಲಿಲ್ಲ. ಆದರೆ ಒಂದು ಅಂಶವು ಗಮನಾರ್ಹವಾಗಿದೆ. ಬೋಧಿಸುವವನು ಬೇರೆ, ನಡೆಸುವವನು ಬೇರೆ ಎಂಬ ಭೇದವು ಅಲ್ಲಿ ಇಂದಿನಷ್ಟು ಕಡುವಾಗಿರಲಿಲ್ಲ. ಆ ಭೇದವು ಇಲಾಖೆಯೊಡನೆ ಬಂದುದು.

3. ಇಲಾಖೆಯ ಕಾಲ: ಮಾಸ್ತರರೂ ಡೆಪ್ಯುಟಿಯವರೂ

1854ರ ವುಡ್ಡನ ಖಲೀತೆಯ ಫಲವಾಗಿ 1855ರಲ್ಲಿ ಮುಂಬಯಿ ಇಲಾಖೆಯಲ್ಲಿ ಸಾರ್ವಜನಿಕ ಶಿಕ್ಷಣ ಖಾತೆಯು ಏರ್ಪಟ್ಟಿತು. ಆ ಹೊತ್ತಿಗೆ ನಮ್ಮ ಮೂರು ಊರುಗಳ ಸ್ಥಿತಿ ಒಂದೇ ಬಗೆಯದಾಗಿರಲಿಲ್ಲ. ರೋಣವು ನೇರವಾಗಿ ಕಂಪನಿಯ ಆಡಳಿತಕ್ಕೆ ಒಳಪಟ್ಟಿದ್ದಿತು. ಗಜೇಂದ್ರಗಡವು ಘೋರ್ಪಡೆ ಮನೆತನದ ಜಹಗೀರು. ನರಗುಂದವು ಭಾವೆ ಮನೆತನದ ಸಂಸ್ಥಾನವಾಗಿದ್ದು, 1858ರಲ್ಲಿ ಬಾಬಾಸಾಹೇಬ ಭಾಸ್ಕರರಾಯರ ಬಂಡಾಯದ ತರುವಾಯವೇ ಬ್ರಿಟಿಷರ ವಶವಾಯಿತು. ಹತ್ತಿರ ಹತ್ತಿರದಲ್ಲಿದ್ದರೂ ಈ ಊರುಗಳಲ್ಲಿ ಶಾಲೆಗೆ ಆಶ್ರಯವೀಯುವ ಕೈ ಬೇರೆ ಬೇರೆಯಾಗಿದ್ದಿತೆಂಬುದನ್ನು ಮರೆಯಲಾಗದು.

ಹೊಸ ವ್ಯವಸ್ಥೆಯಲ್ಲಿ ಗ್ರಾಮದ ಶಿಕ್ಷಕನಿಗೆ ಏರುವ ಮೆಟ್ಟಿಲುಗಳು ಗೊತ್ತಾಗಿದ್ದವು. ಮುಲ್ಕಿ ಪರೀಕ್ಷೆಯಲ್ಲಿ ತೇರ್ಗಡೆಯಾದವನು ಮಾಸ್ತರನಾಗಬಹುದಾಗಿದ್ದಿತು. ಆಮೇಲೆ ಅವನು ಧಾರವಾಡದ ನಾರ್ಮಲ್ ಸ್ಕೂಲಿಗೆ, ಅಂದರೆ ಮುಂದೆ ಟ್ರೇನಿಂಗ್ ಕಾಲೇಜು ಎನಿಸಿದ ಸಂಸ್ಥೆಗೆ, ಹೋಗಿ ಮೊದಲನೆಯ, ಎರಡನೆಯ, ಮೂರನೆಯ ವರ್ಷದ ಪ್ರಮಾಣಪತ್ರಗಳನ್ನು ಪಡೆಯಬೇಕು. ಪ್ರಮಾಣಪತ್ರಕ್ಕೆ ತಕ್ಕಂತೆ ಪಗಾರ. ಗಜೇಂದ್ರಗಡದಿಂದ ಧಾರವಾಡವು ನೂರು ಕಿಲೋಮೀಟರುಗಳನ್ನು ಮೀರಿದ ದೂರ. 1884ರಲ್ಲಿ ಗದಗ-ಹೊಟಗಿ ರೈಲುಮಾರ್ಗವು ಹೊಳೆಆಲೂರಿನ ಮೇಲೆ ಹಾಯ್ದುದರಿಂದ ರೋಣದ ಸೀಮೆಯವರಿಗೆ ಪ್ರವಾಸವು ತುಸು ಸುಲಭವಾಯಿತು; ಗಜೇಂದ್ರಗಡ, ನರಗುಂದಗಳಿಗೆ ಆ ಅನುಕೂಲವೂ ಒದಗಲಿಲ್ಲ.

ಇಲ್ಲಿ ನಾವು ಗಮನಿಸಬೇಕಾದುದು ದೂರವನ್ನಷ್ಟೇ ಅಲ್ಲ. ಮೂರು ವರ್ಷಗಳ ಪ್ರಮಾಣಪತ್ರವನ್ನು ಪಡೆದು ಬಂದ ಮಾಸ್ತರನು ತನ್ನ ಶಾಲೆಯನ್ನು ಹೇಗೆ ನಡೆಸಬೇಕೆಂಬುದನ್ನು ನಿರ್ಣಯಿಸುವ ಅಧಿಕಾರವು ಅವನ ಕೈಯಲ್ಲಿರಲಿಲ್ಲ. ಅದು ಇದ್ದುದು ತನಿಖೆಗೆ ಬರುವ ಡೆಪ್ಯುಟಿ ಇನ್‌ಸ್ಪೆಕ್ಟರರ ಕೈಯಲ್ಲಿ. ಅವರು ಬಂದು ಪರೀಕ್ಷೆ ತೆಗೆದುಕೊಂಡು ಷರಾ ಬರೆದು ಹೋಗುವರು. ಆ ಷರಾದ ಮೇಲೆ ಮಾಸ್ತರನ ಬಡತಿಯೂ ಬದಲಿಯೂ ನಿಂತಿದ್ದವು. ಹೀಗೆ ಶಾಲೆಯ ನೇತೃತ್ವವು ಶಾಲೆಯ ಹೊರಗಿನಿಂದ ಬರುವ ವಸ್ತುವಾಯಿತು.

ಈ ವ್ಯವಸ್ಥೆಯೊಳಗೇ ಇದಕ್ಕೆ ಅಪವಾದವಾಗಿ ನಿಲ್ಲುವ ಮಹನೀಯರೆಂದರೆ ಡೆಪ್ಯುಟಿ ಚನ್ನಬಸಪ್ಪನವರು (1834-1881). ಅವರು ಪುಣೆಗೆ ಹೋಗಿ ಅಧ್ಯಯನ ಮಾಡಿದವರು. ಶಿಕ್ಷಕರಾಗಿ, ಧಾರವಾಡದ ನಾರ್ಮಲ್ ಸ್ಕೂಲಿನ ಮುಖ್ಯಸ್ಥರಾಗಿ, ತರುವಾಯ ಡೆಪ್ಯುಟಿ ಇನ್‌ಸ್ಪೆಕ್ಟರರಾಗಿ ದುಡಿದವರು. ಮರಾಠಿ ಶಾಲೆಗಳಿದ್ದ ಕನ್ನಡ ಊರುಗಳಲ್ಲಿ ಕನ್ನಡ ಶಾಲೆಗಳನ್ನು ನೆಲೆಗೊಳಿಸಿದ ಅವರ ಕಾರ್ಯವು ಸುವಿದಿತವಾಗಿದೆ. 1871ರಲ್ಲಿ ಶೇಕ್ಸ್‌ಪಿಯರನ ನಾಟಕವೊಂದನ್ನು 'ನಗದವರನ್ನು ನಗಿಸುವ ಕಥೆ' ಎಂದು ಕನ್ನಡಕ್ಕೆ ತಂದವರೂ ಅವರೇ. ನಮ್ಮ ವಿಷಯಕ್ಕೆ ಸಂಬಂಧಿಸಿದಂತೆ ಹೇಳುವುದಾದರೆ, ಅವರ ನೇತೃತ್ವದ ಬಲವು ಅಧಿಕಾರದಿಂದ ಮಾತ್ರ ಬಂದುದಲ್ಲ. ತರಗತಿಯ ಅನುಭವ, ದೂರದ ಊರಿನ ಅಧ್ಯಯನ, ಶಿಕ್ಷಕರನ್ನು ಶಿಕ್ಷಿಸಿದ ಅಭ್ಯಾಸ ಈ ಮೂರೂ ಒಬ್ಬರಲ್ಲಿಯೇ ಕೂಡಿದುದರಿಂದ ಬಂದುದು. 1865ರಲ್ಲಿ ಆರಂಭವಾದ 'ಮಠಪತ್ರಿಕೆ'ಯೂ ಇದೇ ವಾತಾವರಣದ ಫಲ. ಅದರ ಪರಂಪರೆಯೇ ಮುಂದೆ 'ಜೀವನ ಶಿಕ್ಷಣ'ದ ರೂಪದಲ್ಲಿ ಮುಂದುವರಿಯಿತು. ಧಾರವಾಡಕ್ಕೆ ಹೋಗಲಾರದ ಹಳ್ಳಿಯ ಮಾಸ್ತರನಿಗೆ ಇಂತಹ ಪತ್ರಿಕೆಯೇ ಏಕಮಾತ್ರ ಉಚ್ಚ ಅಧ್ಯಯನವಾಗಿದ್ದಿತೆಂದು ಹೇಳಿದರೆ ಅತಿಶಯೋಕ್ತಿಯಾಗದು.

4. ಪದವಿಯ ಉದಯ

20ನೆಯ ಶತಮಾನದ ಆರಂಭದಲ್ಲಿ ಶಾಲೆ ನಡೆಸುವುದು ಒಂದು ಸ್ವತಂತ್ರ ಶಾಸ್ತ್ರವೆಂಬ ಭಾವನೆಯು ಜಗತ್ತಿನ ಬೇರೆ ಕಡೆಗಳಲ್ಲಿ ಬಲಗೊಂಡಿತು. ಅಮೇರಿಕೆಯ ಎಲ್‌ವುಡ್ ಕಬರ್ಲಿಯವರ ಜೀವನವು ಇದಕ್ಕೆ ಒಳ್ಳೆಯ ನಿದರ್ಶನವಾಗಿದೆ. ಅವರು 1896ರಿಂದ 1898ರವರೆಗೆ ಸ್ಯಾನ್ ಡಿಯಾಗೋ ನಗರದ ಶಾಲೆಗಳ ಮೇಲ್ವಿಚಾರಕರಾಗಿದ್ದು, ಆಮೇಲೆ ಕೊಲಂಬಿಯಾ ವಿಶ್ವವಿದ್ಯಾನಿಲಯದಿಂದ 1905ರಲ್ಲಿ ಡಾಕ್ಟರೇಟ್ ಪಡೆದು, 1916ರಲ್ಲಿ ಸಾರ್ವಜನಿಕ ಶಾಲಾಡಳಿತವನ್ನು ಕುರಿತ ತಮ್ಮ ಪ್ರಸಿದ್ಧ ಗ್ರಂಥವನ್ನು ಪ್ರಕಟಿಸಿದರು. ಮೊದಲು ಕೆಲಸ, ಅನಂತರ ಅಧ್ಯಯನ, ಆ ಎರಡರಿಂದ ಶಾಸ್ತ್ರ ಎಂಬ ಕ್ರಮವು ಇಲ್ಲಿ ಸ್ಪಷ್ಟವಾಗಿದೆ.

ಅದೇ 1916ರ ನವಂಬರ್ 13ರಂದು ಬೆಳಗಾವಿಯಲ್ಲಿ ಗಿಲಗಂಚಿ-ಅರಟಾಳ ಹೈಸ್ಕೂಲು ಆರಂಭವಾಯಿತು. ಕರ್ನಾಟಕ ಲಿಂಗಾಯತ ಶಿಕ್ಷಣ ಸಂಸ್ಥೆಯನ್ನು ಕಟ್ಟಿ ಈ ಶಾಲೆಯನ್ನು ತೆರೆದವರು ಮುಂದೆ 'ಸಪ್ತರ್ಷಿ'ಗಳೆನಿಸಿದ ಏಳು ಮಂದಿ ತರುಣ ಶಿಕ್ಷಕರು. ಶಿ. ಶಿ. ಬಸವನಾಳರು ಅವರಲ್ಲಿ ಒಬ್ಬರು. ಶಾಲಾಡಳಿತವೆಂಬ ಪಠ್ಯವಿಷಯವೇ ನಮ್ಮ ಭಾಗದಲ್ಲಿ ಇನ್ನೂ ಕಾಣಿಸಿಕೊಂಡಿರದ ಆ ಕಾಲದಲ್ಲಿ, ಹಣ ಕೂಡಿಸುವುದು, ಶಿಕ್ಷಕರನ್ನು ಆರಿಸುವುದು, ಸಮಾಜದ ಒಪ್ಪಿಗೆಯನ್ನು ದೊರಕಿಸುವುದು ಈ ಎಲ್ಲವನ್ನೂ ಅವರು ಮಾಡುತ್ತ ಮಾಡುತ್ತ ಕಲಿತರು. ಅಮೇರಿಕೆಯಲ್ಲಿ ಗ್ರಂಥವಾದುದು ಇಲ್ಲಿ ಸಂಸ್ಥೆಯಾಯಿತು. ನಮ್ಮ ದುರ್ದೈವವೆಂದರೆ, ಹೀಗೆ ಗಳಿಸಿದ ಜ್ಞಾನವು ವ್ಯಕ್ತಿಗಳೊಡನೆಯೇ ಉಳಿದು, ಮುಂದಿನವರು ಓದಬಹುದಾದ ಶಾಸ್ತ್ರವಾಗಿ ರೂಪುಗೊಂಡುದು ಅತ್ಯಲ್ಪ.

ಮುಂಬಯಿಯಲ್ಲಿ 1906ರಲ್ಲಿ ಸೆಕೆಂಡರಿ ಟ್ರೇನಿಂಗ್ ಕಾಲೇಜು ಸ್ಥಾಪನೆಗೊಂಡಿತು. ಹೈಸ್ಕೂಲಿನ ಶಿಕ್ಷಕನು ಬಿ.ಟಿ. ಪದವಿಗಾಗಿ ಅಲ್ಲಿಗೆ ಹೋಗಬೇಕಾಗುತ್ತಿದ್ದಿತು. ಬೆಳಗಾವಿಯಲ್ಲಿ ಅಂತಹ ಕಾಲೇಜು ತೆರೆದ ಮೇಲೆ ಕನ್ನಡ ಜಿಲ್ಲೆಗಳವರ ಶ್ರಮವು ಕಡಿಮೆಯಾಯಿತು. 1936ರಲ್ಲಿ ಮುಂಬಯಿ ವಿಶ್ವವಿದ್ಯಾನಿಲಯವು ಶಿಕ್ಷಣಶಾಸ್ತ್ರದ ಸ್ನಾತಕೋತ್ತರ ಪದವಿಯಾದ ಎಂ.ಎಡ್.ಅನ್ನು ಆರಂಭಿಸಿತು. 1943ರಲ್ಲಿ ಈ ಶಾಸ್ತ್ರದಲ್ಲಿ ಭಾರತದ ಮೊದಲ ಡಾಕ್ಟರೇಟನ್ನು ನೀಡಿದುದೂ ಅದೇ ವಿಶ್ವವಿದ್ಯಾನಿಲಯ. ಆದರೆ ಈ ಪದವಿಗಳೆಲ್ಲ ಪದವೀಧರನಿಗೆ ಮೀಸಲು. ರೋಣ, ನರಗುಂದಗಳ ಶಾಲೆಗಳ ಭಾರವನ್ನು ಹೊತ್ತವರಲ್ಲಿ ಬಹುಸಂಖ್ಯಾತರು ಮುಲ್ಕಿ ಮುಗಿಸಿದ ಪ್ರಾಥಮಿಕ ಶಿಕ್ಷಕರು. ಅವರ ಪಾಲಿಗೆ ಉಚ್ಚ ಅಧ್ಯಯನವು ಕಣ್ಣಿಗೆ ಕಂಡರೂ ಕೈಗೆ ಎಟುಕದ ಫಲವಾಗಿಯೇ ಉಳಿಯಿತು.

ಪ್ರಾಥಮಿಕ ಶಾಲೆಗಳ ಆಡಳಿತವೂ ಈ ನಡುವೆ ಕೈ ಬದಲಾಯಿಸಿತು. 1923ರ ಮುಂಬಯಿ ಪ್ರಾಥಮಿಕ ಶಿಕ್ಷಣ ಕಾನೂನು ಅದನ್ನು ಸ್ಥಳೀಯ ಸಂಸ್ಥೆಗಳ ಸ್ಕೂಲ್ ಬೋರ್ಡುಗಳಿಗೆ ಒಪ್ಪಿಸಿತು. 1938ರ ತಿದ್ದುಪಡಿ, 1947ರ ಕಾನೂನುಗಳು ಸರಕಾರದ ಹಿಡಿತವನ್ನು ಮತ್ತೆ ಬಿಗಿಗೊಳಿಸಿದವು. ಡೆಪ್ಯುಟಿಯವರ ಸ್ಥಾನದಲ್ಲಿ ಬೋರ್ಡಿನ ಸದಸ್ಯರು ಬಂದರು, ಆಡಳಿತಾಧಿಕಾರಿಗಳು ಬಂದರು. ಮುಖ್ಯೋಪಾಧ್ಯಾಯನು ಮಾತ್ರ ಹಿಂದಿನಂತೆಯೇ ಆಜ್ಞೆಯನ್ನು ಪಾಲಿಸುವವನಾಗಿ ಉಳಿದನು.

5. 1953ರ ಸೂಚನೆ ಮತ್ತು ಅದರ ಗತಿ

ಸ್ವಾತಂತ್ರ್ಯಾನಂತರ ಡಾ. ಲಕ್ಷ್ಮಣಸ್ವಾಮಿ ಮೊದಲಿಯಾರರ ಅಧ್ಯಕ್ಷತೆಯಲ್ಲಿ ನೇಮಕವಾದ ಮಾಧ್ಯಮಿಕ ಶಿಕ್ಷಣ ಆಯೋಗವು (1952-53) ನಮ್ಮ ವಿಷಯಕ್ಕೆ ನೇರವಾಗಿ ಸಂಬಂಧಿಸಿದ ಮೂರು ಶಿಫಾರಸುಗಳನ್ನು ಮಾಡಿತು. ಮೊದಲನೆಯದು, ಎಂ.ಎಡ್. ತರಗತಿಗೆ ಸಾಮಾನ್ಯವಾಗಿ ಕನಿಷ್ಠ ಮೂರು ವರ್ಷ ಪಾಠ ಹೇಳಿದ ಪ್ರಶಿಕ್ಷಿತ ಪದವೀಧರರನ್ನೇ ಸೇರಿಸಿಕೊಳ್ಳಬೇಕು. ಎರಡನೆಯದು, ಸೇವೆಯಲ್ಲಿರುವ ಶಿಕ್ಷಕನು ಪ್ರಶಿಕ್ಷಣಕ್ಕೆ ಹೋದಾಗ ಅವನಿಗೆ ಬರುತ್ತಿದ್ದ ವೇತನವನ್ನೇ ಮುಂದುವರಿಸಬೇಕು. ಮೂರನೆಯದು, ತನಿಖಾಧಿಕಾರಿಗಳನ್ನು ಹತ್ತು ವರ್ಷ ಅನುಭವವುಳ್ಳ ಶಿಕ್ಷಕರು, ಹೈಸ್ಕೂಲಿನ ಮುಖ್ಯೋಪಾಧ್ಯಾಯರು, ಟ್ರೇನಿಂಗ್ ಕಾಲೇಜಿನ ಅಧ್ಯಾಪಕರು ಇವರಲ್ಲಿಂದ ಮೂರರಿಂದ ಐದು ವರ್ಷಗಳ ಅವಧಿಗೆ ಆರಿಸಬೇಕು; ಅವಧಿ ತೀರಿದ ಮೇಲೆ ಅವರು ತಮ್ಮ ಮೊದಲಿನ ಸ್ಥಾನಕ್ಕೆ ಮರಳಬೇಕು.

ಈ ಮೂರು ಶಿಫಾರಸುಗಳನ್ನು ಒಟ್ಟಿಗೆ ಓದಿದಾಗ ಅವುಗಳ ಹಿಂದಿನ ತತ್ತ್ವವು ಗೋಚರವಾಗುತ್ತದೆ. ಅನುಭವವೇ ಉಚ್ಚ ಅಧ್ಯಯನದ ಪ್ರವೇಶದ್ವಾರ. ಆ ದ್ವಾರವನ್ನು ದಾಟಲು ಶಿಕ್ಷಕನು ತನ್ನ ಮನೆಯ ಅನ್ನವನ್ನು ಪಣವಾಗಿ ಒಡ್ಡಬೇಕಾಗಿಲ್ಲ. ಅಧಿಕಾರದ ಕುರ್ಚಿಯಿಂದ ಶಾಲೆಗೆ ಹಿಂದಿರುಗುವುದು ಅಪಮಾನವಲ್ಲ. 1855ರಿಂದ ಬೆಳೆದುಬಂದ, ಬೋಧಕನನ್ನೂ ಆಡಳಿತಗಾರನನ್ನೂ ಬೇರ್ಪಡಿಸಿದ ಗೋಡೆಯನ್ನು ಕೆಡಹುವ ಉಪಾಯವು ಈ ಶಿಫಾರಸುಗಳಲ್ಲಿದ್ದಿತು.

ಮುಂದೆ ನಡೆದುದೇನು? 1956ರ ನವಂಬರ್ 1ರಂದು ಧಾರವಾಡ ಜಿಲ್ಲೆಯು ವಿಶಾಲ ಮೈಸೂರು ರಾಜ್ಯದಲ್ಲಿ ಸೇರಿತು. ಅದಕ್ಕೂ ಮುಂಚೆ, 1949ರಲ್ಲಿ ಸ್ಥಾಪಿತವಾದ ಕರ್ನಾಟಕ ವಿಶ್ವವಿದ್ಯಾನಿಲಯವು ಧಾರವಾಡದಲ್ಲಿ ನೆಲೆಗೊಂಡಿದ್ದಿತು. 1954ರಿಂದ 1967ರವರೆಗೆ ಅದರ ಕುಲಪತಿಗಳಾಗಿದ್ದ ಡಾ. ಡಿ. ಸಿ. ಪಾವಟೆಯವರು ಮೊದಲು ಮುಂಬಯಿ ರಾಜ್ಯದ ಶಿಕ್ಷಣ ನಿರ್ದೇಶಕರಾಗಿದ್ದವರು. ತಮ್ಮ ಆತ್ಮಕಥನದ ಹೆಸರಿನಲ್ಲಿಯೇ ತಮ್ಮನ್ನು ಶೈಕ್ಷಣಿಕ ಆಡಳಿತಗಾರನೆಂದು ಕರೆದುಕೊಂಡವರು. 1960ರ ದಶಕದಲ್ಲಿ ಧಾರವಾಡದಲ್ಲಿ ವಿಶ್ವವಿದ್ಯಾನಿಲಯದ ಶಿಕ್ಷಣ ಮಹಾವಿದ್ಯಾಲಯವು ಆರಂಭವಾಯಿತು. ಮುಂಬಯಿಗೆ ಹೋಗಬೇಕಾಗಿದ್ದ ನರಗುಂದದ ಶಿಕ್ಷಕನಿಗೆ ಧಾರವಾಡದಲ್ಲಿಯೇ ವಿದ್ಯೆಯು ದೊರೆಯುವಂತಾಯಿತು. 1964-66ರ ಕೊಠಾರಿ ಆಯೋಗದ ಕಾರ್ಯದರ್ಶಿಗಳಾಗಿದ್ದ ಜೆ. ಪಿ. ನಾಯಕರು 1930ರ ದಶಕದಲ್ಲಿ ಧಾರವಾಡ ಜಿಲ್ಲೆಯ ಉಪ್ಪಿನಬೆಟಗೇರಿಯಲ್ಲಿ ಗ್ರಾಮಸೇವೆ ಮಾಡಿದವರೆಂಬುದು ಇಲ್ಲಿ ಸ್ಮರಣೀಯ. ಒಂದು ಹೈಸ್ಕೂಲನ್ನೂ ಅದರ ಸುತ್ತಲಿನ ಪ್ರಾಥಮಿಕ ಶಾಲೆಗಳನ್ನೂ ಕೂಡಿಸಿ ಶಾಲಾ ಸಂಕೀರ್ಣಗಳನ್ನು ರಚಿಸಬೇಕೆಂದು ಆ ಆಯೋಗವು ಸೂಚಿಸಿತು. ಶೈಕ್ಷಣಿಕ ಆಡಳಿತಗಾರರಿಗಾಗಿ ರಾಷ್ಟ್ರಮಟ್ಟದ ಸಂಸ್ಥೆಯು ಬೇಕೆಂದೂ ಹೇಳಿತು. 1970ರಲ್ಲಿ ದಿಲ್ಲಿಯಲ್ಲಿ ನ್ಯಾಷನಲ್ ಸ್ಟಾಫ್ ಕಾಲೇಜು ರೂಪುಗೊಂಡು, 1979ರಲ್ಲಿ 'ನೀಪಾ' ಎಂಬ ಹೆಸರನ್ನು ಪಡೆಯಿತು. 2012ರಲ್ಲಿ ಅದೇ ಸಂಸ್ಥೆಯೊಳಗೆ ಶಾಲಾ ನೇತೃತ್ವದ ರಾಷ್ಟ್ರೀಯ ಕೇಂದ್ರವು ಸ್ಥಾಪಿತವಾಯಿತು. ನಮ್ಮ ರಾಜ್ಯದಲ್ಲಿ ಶಾಲಾ ನೇತೃತ್ವ ಮತ್ತು ಶೈಕ್ಷಣಿಕ ಯೋಜನೆಗಾಗಿ ಇರುವ ಸಂಸ್ಥೆಯು ಧಾರವಾಡದಲ್ಲಿಯೇ ನೆಲೆಸಿದುದು ಈ ಭಾಗದವರ ಭಾಗ್ಯ.

ಸಂಸ್ಥೆಗಳು ಹೀಗೆ ಬೆಳೆದವು. ತತ್ತ್ವವು ಮಾತ್ರ ಸೊರಗಿತು. ಎಂ.ಎಡ್. ಪ್ರವೇಶಕ್ಕೆ ಮೂರು ವರ್ಷಗಳ ಬೋಧನಾನುಭವ ಬೇಕೆಂಬ ಸೂಚನೆಯು ನೆಲೆಯೂರಲಿಲ್ಲ. ಬಿ.ಎಡ್. ಮುಗಿಸಿದ ತರುಣನು ಶಾಲೆಯ ಮೆಟ್ಟಿಲನ್ನು ಶಿಕ್ಷಕನಾಗಿ ಹತ್ತದೆಯೇ ಸ್ನಾತಕೋತ್ತರ ತರಗತಿಗೆ ಬರುವುದು ವಾಡಿಕೆಯಾಯಿತು. ರಾಷ್ಟ್ರೀಯ ಶಿಕ್ಷಕ ಶಿಕ್ಷಣ ಪರಿಷತ್ತಿನ 2014ರ ನಿಯಮಾವಳಿಯು ಎಂ.ಎಡ್. ವ್ಯಾಸಂಗವನ್ನು ಎರಡು ವರ್ಷಗಳಿಗೆ ಏರಿಸಿ, ಪ್ರವೇಶಕ್ಕೆ ಬಿ.ಎಡ್.ನಲ್ಲಿ ಶೇಕಡಾ 50 ಅಂಕಗಳನ್ನು ಗೊತ್ತುಮಾಡಿತು. ಅಂಕಗಳಿಗೆ ಅಲ್ಲಿ ಸ್ಥಾನವಿದೆ. ಹದಿನೈದು ವರ್ಷ ಕಪ್ಪುಹಲಗೆಯ ಮುಂದೆ ನಿಂತುದಕ್ಕೆ ಸ್ಥಾನವಿಲ್ಲ. ಅನುಭವಿಗಾಗಿ ಕಟ್ಟಿದ ಮನೆಯಲ್ಲಿ ಅನುಭವಿಯೇ ಅತಿಥಿಯಾದನು. ಇತ್ತ ಮುಖ್ಯೋಪಾಧ್ಯಾಯನ ಹುದ್ದೆಗೆ ಬಹುಮಟ್ಟಿಗೆ ಸೇವಾಹಿರಿತನವೇ ಆಧಾರವಾಗಿ ಉಳಿದುದರಿಂದ, ಅಧ್ಯಯನ ಮಾಡಿದವನಿಗೆ ಶಾಲೆಯಿಲ್ಲ, ಶಾಲೆಯಿದ್ದವನಿಗೆ ಅಧ್ಯಯನವಿಲ್ಲ ಎಂಬ ವಿಚಿತ್ರ ಪರಿಸ್ಥಿತಿಯು ಉಂಟಾಯಿತು.

ಅಂಚೆಯ ಮೂಲಕ ಕಲಿಯುವ ದಾರಿಯು ಈ ಕೊರತೆಯನ್ನು ಸ್ವಲ್ಪಮಟ್ಟಿಗೆ ನೀಗಿಸಿತೆಂಬುದನ್ನು ಒಪ್ಪಬೇಕು. ಮೈಸೂರು ವಿಶ್ವವಿದ್ಯಾನಿಲಯವು 1969ರಲ್ಲಿ ತೆರೆದ ಅಂಚೆ ಶಿಕ್ಷಣ ಸಂಸ್ಥೆಯು 1996ರಲ್ಲಿ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯವಾಯಿತು. ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾನಿಲಯವು ಶೈಕ್ಷಣಿಕ ಆಡಳಿತದಲ್ಲಿಯೂ ಶಾಲಾ ನೇತೃತ್ವದಲ್ಲಿಯೂ ಸ್ನಾತಕೋತ್ತರ ಡಿಪ್ಲೊಮಾಗಳನ್ನು ರೂಪಿಸಿತು. ವೇತನವನ್ನು ಬಿಡದೆ, ಊರನ್ನು ತೊರೆಯದೆ ಓದುವ ಅವಕಾಶವು ಹೀಗೆ ಒದಗಿತು. ಆದರೆ ಸಹಾಧ್ಯಾಯಿಗಳೊಡನೆ ಕುಳಿತು ತನ್ನ ಶಾಲೆಯ ಸಮಸ್ಯೆಯನ್ನು ಚರ್ಚಿಸುವ ಲಾಭವು ಅಂಚೆಯ ಪಾಠದಿಂದ ಪೂರ್ಣವಾಗಿ ದೊರೆಯುವಂತಹದಲ್ಲ.

6. ಮೂರು ಊರು, ಮೂರು ಬಗೆಯ ಶಾಲೆ

ಶಿಕ್ಷಕನ ಅನುಭವವೆಂದರೆ ಸೇವೆಯ ವರ್ಷಗಳ ಎಣಿಕೆ ಮಾತ್ರವಲ್ಲ. ನಿರ್ದಿಷ್ಟ ಊರೊಂದನ್ನು ಕುರಿತ ಜ್ಞಾನ. ನಮ್ಮ ಮೂರು ಊರುಗಳನ್ನೇ ನೋಡಬಹುದು. ರೋಣದ ಸೀಮೆಯು ಎರೆಭೂಮಿ. ಮಳೆಯನ್ನು ನಂಬಿ ಬಿಳಿಜೋಳ, ಹತ್ತಿ, ಕಡಲೆ ಬೆಳೆಯುವ ನಾಡು. ಮಳೆ ತಪ್ಪಿದ ವರ್ಷ ಕುಟುಂಬಗಳು ಗುಳೆ ಹೋಗುತ್ತವೆ. ಅವುಗಳೊಡನೆ ಮಕ್ಕಳೂ ಹೋಗುತ್ತಾರೆ. ನರಗುಂದದಲ್ಲಿ 1970ರ ದಶಕದಿಂದ ಮಲಪ್ರಭೆಯ ಕಾಲುವೆಯ ನೀರು ಹರಿದು ಬೇಸಾಯದ ಕ್ರಮವೇ ಮಾರ್ಪಟ್ಟಿತು. 1980ರ ಜುಲೈಯಲ್ಲಿ ಅಲ್ಲಿ ನಡೆದ ರೈತರ ಬಂಡಾಯವು ಆ ನೀರಿನ ಕರದ ಕಥೆಯೇ. ಕೂಲಿಯ ಹಂಗಾಮು ಅಲ್ಲಿ ಬೇರೆ, ಆದುದರಿಂದ ಮಕ್ಕಳ ಗೈರುಹಾಜರಿಯ ತಿಂಗಳೂ ಬೇರೆ. ಗಜೇಂದ್ರಗಡವು ಗುಡ್ಡದ ಸೆರಗಿನ ನೇಕಾರರ ಊರು. ಪಟ್ಟೇದ ಅಂಚಿನ ಸೀರೆಗೆ ಹೆಸರಾದುದು. ಮಗ್ಗವಿರುವ ಮನೆಯ ಮಗು ಊರು ಬಿಟ್ಟು ಹೋಗುವುದಿಲ್ಲ. ಆದರೆ ಮನೆಯಲ್ಲಿಯೇ ಇದ್ದು ಕಂಡಿಕೆ ಸುತ್ತುವ ಕೆಲಸಕ್ಕೆ ಸಲ್ಲುವ ಸಂಭವವಿದೆ.

ಹಾಜರಿ ಕಡಿಮೆ ಎಂಬ ಒಂದೇ ಷರಾ ಈ ಮೂರು ಶಾಲೆಗಳ ಪುಸ್ತಕದಲ್ಲಿಯೂ ಬೀಳಬಹುದು. ಕಾರಣಗಳು ಮೂರು, ಪರಿಹಾರಗಳೂ ಮೂರು. ಮೊದಲನೆಯ ಕಡೆ ಗುಳೆ ಹೋಗುವವರ ಮಕ್ಕಳನ್ನು ಊರಿನಲ್ಲಿಯೇ ಉಳಿಸಿಕೊಳ್ಳುವ ವಸತಿಯ ಏರ್ಪಾಡು ಬೇಕು. ಎರಡನೆಯ ಕಡೆ ಹಂಗಾಮನ್ನು ನೋಡಿ ಪಾಠದ ಯೋಜನೆಯನ್ನು ಹೊಂದಿಸಬೇಕು. ಮೂರನೆಯ ಕಡೆ ಮುಖ್ಯೋಪಾಧ್ಯಾಯನು ಮಗ್ಗದ ಮನೆಗೇ ಹೋಗಿ ತಂದೆತಾಯಿಗಳೊಡನೆ ಮಾತನಾಡಬೇಕು. ಇದನ್ನು ಅರಿಯುವುದೇ ಶೈಕ್ಷಣಿಕ ನೇತೃತ್ವ. ಇದು ಹೊರಗಿನ ತನಿಖಾಧಿಕಾರಿಗೆ ಒಂದು ದಿನದ ಭೆಟ್ಟಿಯಲ್ಲಿ ತಿಳಿಯುವುದಿಲ್ಲ. ಅನುಭವವಿಲ್ಲದ ಸ್ನಾತಕೋತ್ತರ ವಿದ್ಯಾರ್ಥಿಗೆ ಗ್ರಂಥದಿಂದ ತಿಳಿಯುವುದಿಲ್ಲ. ಹಾಗೆಂದು ಇಪ್ಪತ್ತು ವರ್ಷ ಸೇವೆ ಮಾಡಿದವನಿಗೆ ತಾನಾಗಿಯೇ ತಿಳಿದುಬಿಡುತ್ತದೆಂದೂ ಹೇಳಲಾಗದು. ಒಂದೇ ವರ್ಷದ ಅನುಭವವನ್ನು ಇಪ್ಪತ್ತು ಸಲ ಪುನರಾವರ್ತಿಸಿದವರೂ ಉಂಟು. ಅನುಭವವು ಜ್ಞಾನವಾಗಬೇಕಾದರೆ ಅದನ್ನು ಇತರರ ಅನುಭವದೊಡನೆ ಒರೆಗೆ ಹಚ್ಚಬೇಕು, ಪ್ರಮಾಣಗಳಿಂದ ಪರೀಕ್ಷಿಸಬೇಕು. ಆ ಒರೆಗಲ್ಲನ್ನು ಒದಗಿಸುವುದೇ ವಿಶ್ವವಿದ್ಯಾನಿಲಯದ ಕರ್ತವ್ಯ.

7. ಉಪಸಂಹಾರ

ಮೇಲಿನ ವಿವೇಚನೆಯಿಂದ ಒಂದು ಸಂಗತಿಯು ಸ್ಪಷ್ಟವಾಗುತ್ತದೆ. ಈ ಪ್ರದೇಶದ ಶಿಕ್ಷಕನಿಗೆ ಅಧ್ಯಯನದ ಸ್ಥಳವು ಕಾಲಕ್ರಮದಲ್ಲಿ ಹತ್ತಿರವಾಗುತ್ತ ಬಂದಿದೆ: ಮುಂಬಯಿಯಿಂದ ಬೆಳಗಾವಿಗೆ, ಬೆಳಗಾವಿಯಿಂದ ಧಾರವಾಡಕ್ಕೆ, ಕೊನೆಗೆ ಅಂಚೆಯ ಮೂಲಕ ಅವನ ಮನೆಯ ಬಾಗಿಲಿಗೆ. ಆದರೆ ಅಧ್ಯಯನದ ವಸ್ತುವು ಅವನ ಶಾಲೆಗೆ ಅದೇ ಪ್ರಮಾಣದಲ್ಲಿ ಹತ್ತಿರವಾಗಲಿಲ್ಲ. ಅದು ಹತ್ತಿರವಾದಾಗಲೆಲ್ಲ, ಚನ್ನಬಸಪ್ಪನವರ ಕಾಲದಲ್ಲಿಯೂ ಬೆಳಗಾವಿಯ ಏಳು ಶಿಕ್ಷಕರ ಕಾಲದಲ್ಲಿಯೂ, ಫಲವು ನಾಡಿಗೆಲ್ಲ ದೊರೆಯಿತು.

ಆದುದರಿಂದ ಶಿಕ್ಷಣಶಾಸ್ತ್ರದ ವಿಭಾಗಗಳು ಮೂರು ಕಾರ್ಯಗಳನ್ನು ಕೈಗೊಳ್ಳುವುದು ಯುಕ್ತವೆಂದು ನಮಗೆ ತೋರುತ್ತದೆ. ಸ್ನಾತಕೋತ್ತರ ಪ್ರವೇಶದಲ್ಲಿ ಅಂಕಗಳೊಡನೆ ಬೋಧನಾನುಭವಕ್ಕೂ ತೂಕ ದೊರೆಯಲೆಂದು 1953ರ ಸೂಚನೆಯನ್ನು ಮತ್ತೆ ಮುಂದಿಡುವುದು ಮೊದಲನೆಯದು. ಸೇವೆಯಲ್ಲಿರುವವರಿಗೆ ಬೇಸಿಗೆಯ ಮತ್ತು ದಸರೆಯ ರಜೆಗಳಲ್ಲಿ ವಸತಿಸಹಿತ ವರ್ಗಗಳನ್ನು ನಡೆಸುವುದು ಎರಡನೆಯದು. ಮೂರನೆಯದು ಎಲ್ಲಕ್ಕಿಂತ ಮುಖ್ಯವಾದುದು: ಅನುಭವಿ ಶಿಕ್ಷಕನ ಪ್ರಬಂಧಕ್ಕೆ ಅವನ ಶಾಲೆಯೇ ವಸ್ತುವಾಗಬೇಕು. ಹಳ್ಳಿಯ ಹಳೆಯ ಶಾಲೆಗಳಲ್ಲಿ ಉಳಿದುಬಂದಿರುವ ಜನರಲ್ ರಿಜಿಸ್ಟರು, ಹಾಜರಿ ಪುಸ್ತಕ, ಷರಾ ಪುಸ್ತಕಗಳು ಯಾವ ಪುರಾಭಿಲೇಖಾಲಯಕ್ಕೂ ಕಡಿಮೆಯಲ್ಲದ ಸಂಶೋಧನ ಸಾಮಗ್ರಿ. ಯಾವ ಮನೆತನದ ಮಕ್ಕಳು ಎಂದು ಶಾಲೆಗೆ ಬಂದರು, ಯಾವ ತರಗತಿಯಲ್ಲಿ ಬಿಟ್ಟುಹೋದರು, ಹೆಣ್ಣುಮಕ್ಕಳ ಹೆಸರುಗಳು ಯಾವ ವರ್ಷದಿಂದ ಕಾಣಿಸತೊಡಗಿದವು ಎಂಬುದೆಲ್ಲವೂ ಅವುಗಳಲ್ಲಿ ಅಡಗಿದೆ. ಅವುಗಳನ್ನು ಓದಿ ಅರ್ಥೈಸಬಲ್ಲವನು, ಆ ಹೆಸರುಗಳ ಹಿಂದಿನ ಮನೆಗಳನ್ನು ಬಲ್ಲ ಶಿಕ್ಷಕನೇ. ಗೆದ್ದಲಿಗೂ ಮಳೆಯ ಸೋರಿಕೆಗೂ ಅವು ಬಲಿಯಾಗುವ ಮುನ್ನ ಆ ಶಿಕ್ಷಕನು ವಿದ್ಯಾರ್ಥಿಯಾಗಿ ನಮ್ಮ ವಿಭಾಗಗಳಿಗೆ ಬರುವಂತಾಗಲಿ, ಬಂದವನು ತನ್ನ ಶಾಲೆಗೆ ಮರಳುವಂತಾಗಲಿ ಎಂದು ನಾವು ಆಶಿಸುತ್ತೇವೆ.